ಹಾವಿನ ಹಾಲನ್ನು ಚರಂಡಿಗೆ ಸುರಿದಿದ್ದೇನೆ

ದೆನಿತ್ಸಾ,

ಬಚ್ಚಲಲ್ಲಿ ಬಚ್ಚಿಟ್ಟಿದ್ದ ಶೀಶೆಯನ್ನು ಹುಡುಕಬೇಡ, ಖಾಲಿ ಮಾಡಿದ್ದೇನೆ. ನಿನ್ನ ಒಳಚಡ್ಡಿಯ ಹಳದಿ ಕಲೆ ನೋಡಿ ಪಕ್ಕದಮನೆ ಪೆನ್ಕಾ ಅಜ್ಜಿಯನ್ನು ಕೇಳಿದೆ. "ಮದ್ವೆಗೆ ಮುಂಚೆ ಆ ಗುಳ್ಳೆ ಉದುರಿಹೋಗ್ಲಿ ಅಂತ ಹಾವಿನ ಹಾಲು ಕೊಟ್ಟೆ ಕಣೇ, ಡಾಕ್ಟ್ರಿಗೆಲ್ಲ ಯಾಕೆ ತೋರಿಸ್ಬೇಕು?" ಅಂದಳು. ಹಾವಿಗೆ ಹಾಲೆರೆಯುವವರ ಬಗ್ಗೆ ಕೇಳಿದ್ದೆ. ಹಾವಿನ ಹಾಲನ್ನು ಅಂಥ ಜಾಗಕ್ಕೆ ಹಚ್ಚಿಕೊಂಡವಳನ್ನು ಈಗ ಕಂಡೆ! ಹೆಸರಿಗಷ್ಟೇ ಹಾಲು; ಬೆರಳಿನ ನರಹುಲಿಯನ್ನೇ ಸುಡುವ ಗಿಡದ ಹಳದಿ ರಸ ಅದು.

ನಾಳೆ ಡಾಕ್ಟರು ನೋಡಬೇಕಾದದ್ದು ಗುಳ್ಳೆಯನ್ನೋ, ನೀನು ಸುಟ್ಟುಕೊಂಡ ಚರ್ಮವನ್ನೋ? ಅದು ನರಹುಲಿ ಹೌದೋ ಅಲ್ಲವೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ನಿನ್ನ ಫೋನಿಗಂತೂ ಗೊತ್ತೇ ಇಲ್ಲ. ಬರೀ ನೀರಲ್ಲಿ ತೊಳೆ. ಹಚ್ಚಿಕೊಂಡದ್ದನ್ನು ಡಾಕ್ಟರಿಗೆ ಮುಚ್ಚಿಡಬೇಡ. ಗೊತ್ತಾಗುವವರೆಗೆ, ಅವನಿಂದಲೇ ಅಂಟಿತು ಅಂತ ಕಾಮೆನ್‌ ಮೇಲೆ ಹರಿಹಾಯಬೇಡ; ನೀನು ಬಿಸಾಡಿದ ಅವನ ನಿಶ್ಚಿತಾರ್ಥದ ಉಂಗುರ ಸಕ್ಕರೆ ಡಬ್ಬಿಯಲ್ಲಿದೆ.

ಓವನ್ನಿನಲ್ಲಿ ಬಾನಿತ್ಸಾ ಇದೆ, ಪದರಗಳ ನಡುವೆ ಚೀಸ್ ಜಾಸ್ತಿ ಹಾಕಿದ್ದೇನೆ. ಹಸಿದುಕೊಂಡು ಹೋಗಬೇಡ.

ಬೇಕರಿಯ ರಾತ್ರಿ ಪಾಳಿ ಮುಗಿಸಿ ನೇರ ಆಸ್ಪತ್ರೆಗೆ ಬರುತ್ತೇನೆ, ಹಿಟ್ಟು ಮೆತ್ತಿದ ಬಟ್ಟೆಯಲ್ಲೇ. ನಾಚಿಕೆಯಾದರೆ ಎರಡು ಕುರ್ಚಿ ಬಿಟ್ಟು ಕೂತುಕೋ. ಹೆಸರು ಕರೆದಾಗ ಮಾತ್ರ ಒಬ್ಬಳೇ ಒಳಗೆ ಹೋಗಬೇಡ.

ಅಮ್ಮ