ಸೋರಿಕೆಯ ಪಾಠಕ್ಕೆ ಮುಂಚೆ ನಿಂತ ಪಂಪು

ನೀರು ಸರಬರಾಜು ಮಂಡಳಿಯ ಮುಖ್ಯ ಎಂಜಿನಿಯರ್ ಸಾಹೇಬರೇ,

ನಮ್ಮ ಬಡಾವಣೆಯ ಎರಡನೆಯ ಪಂಪನ್ನು ತಾವು ನಿಲ್ಲಿಸಿದ್ದೀರಿ. ಮೂರನೆಯ ಮಹಡಿಯ ನಮ್ಮ ನಲ್ಲಿಯಲ್ಲಿ ಈಗ ಬುಸ್ಸೆಂದು ಗಾಳಿ ಮಾತ್ರ ಬರುತ್ತದೆ. ದೂರು ಕೊಟ್ಟರೆ ತಮ್ಮ ಕಚೇರಿಯ ಉತ್ತರ: 'ಗಣಿತ ಮಾದರಿಯ ಪ್ರಕಾರ ತಮ್ಮ ಮನೆಗೆ ಸಾಕಷ್ಟು ಒತ್ತಡದಲ್ಲಿ ನೀರು ತಲುಪುತ್ತಿದೆ.' ಆ ಮಾದರಿ ತಯಾರಿಸಿದ ಮಹಾನುಭಾವ ಯಾರೆಂದು ವಿಚಾರಿಸುವ ಶ್ರಮ ನನಗೆ ಬೇಕಾಗಲಿಲ್ಲ. ಅದು ನಾನೇ.

ತಮ್ಮದೇ ನಕ್ಷೆ ವಿಭಾಗದಲ್ಲಿ ಗೆರೆ ಎಳೆದು ತಲೆ ನರೆಸಿಕೊಂಡ ನನ್ನನ್ನು ತಾವು ತರಬೇತಿಗೆ ಕಳಿಸಿದಿರಿ. ಕೊಳವೆಯೊಳಗಿನ ನೀರಿನ ಹರಿವನ್ನು ಸಮೀಕರಣದಲ್ಲಿ ಬರೆದು ಕಂಪ್ಯೂಟರಿನಲ್ಲಿ ಹರಿಸುವ ವಿದ್ಯೆ ಅದು. ಲೆಕ್ಕವೆಂದರೆ ಜ್ವರ ಬರುತ್ತಿದ್ದ ನಾನು ಅಭ್ಯಾಸಕ್ಕೆಂದು ನಮ್ಮ ಬಡಾವಣೆಯನ್ನೇ ಆರಿಸಿಕೊಂಡೆ. "ಈ ಕೊಳವೆಗಳು ಸೋರ್ತಾವಲ್ಲ ಮೇಡಂ?" ಎಂದು ಕೇಳಿದೆ. "ಸದ್ಯಕ್ಕೆ ಸೋರಲ್ಲ ಅಂತ ಇಟ್ಕೊಳ್ಳಿ. ಸೋರಿಕೆ ಪಾಠ ಮುಂದಿನ ವಾರ" ಎಂದರು ಕಲಿಸುವವರು. ಇಟ್ಟುಕೊಂಡೆ. ಆಹಾ, ಎಂಥ ಬಡಾವಣೆ! ಹನಿ ಸೋರದ ಕೊಳವೆ, ಪರದೆಯ ಮೇಲೆ ಮನೆಮನೆಗೂ ನೀರಿನ ನೀಲಿ. ಅಂದೇ ತಾವು ತರಗತಿಗೆ ದಯಮಾಡಿಸಿ, ಆ ನೀಲಿ ನೋಡಿ, "ಹಾಗಾದ್ರೆ ಎರಡನೇ ಪಂಪ್ ಯಾಕ್ರೀ ಬೇಕು?" ಎಂದಿರಿ. ಸ್ವಾಮೀ, ಇದು ಅಭ್ಯಾಸದ ಲೆಕ್ಕ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ತಾವು ನನ್ನ ಬೆನ್ನು ತಟ್ಟಿದಿರಿ. ತೆರೆದ ಬಾಯಲ್ಲೇ ಹಲ್ಲು ಕಿರಿದು ನಿಂತೆ. ಮುಂದಿನ ವಾರ ಬರುವಷ್ಟರಲ್ಲಿ ಕಲಿತದ್ದು ಸಾಕೆಂದು ತರಬೇತಿ ಮುಗಿಸಿ ಪ್ರಮಾಣಪತ್ರ ಕೊಟ್ಟಿರಿ. ತಾವೂ ನಾನೂ ಸೇರಿ ಪುಸ್ತಕದ ಬದನೆಕಾಯಿಯನ್ನು ಇಡೀ ಬಡಾವಣೆಗೆ ಬಡಿಸಿಬಿಟ್ಟೆವು. ಈಗ ಕಚೇರಿಯಲ್ಲಿ ಬಾಯಿ ಬಿಟ್ಟರೆ "ನಿಮ್ದೇ ಮಾದರಿ ಅಲ್ವೇನ್ರೀ?" ಎಂದು ನಗುತ್ತಾರೆ. ಅದಕ್ಕೇ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

"ರೀ, ಕಂಪ್ಯೂಟರಲ್ಲಿ ನೀರು ಬರ್ತಿದೆಯಂತಲ್ಲ, ಅಲ್ಲೇ ಒಂದು ಬಿಂದಿಗೆ ಹಿಡ್ಕೊಂಡು ಬನ್ನಿ" ಎನ್ನುತ್ತಾಳೆ ಹೆಂಡತಿ. ಅದನ್ನು ಹೇಗೋ ನುಂಗಿಕೊಂಡೆ. ಆದರೆ ನಮ್ಮ ಜೊತೆಗಿರುವ ಅಕ್ಕನಿಗೆ ಮಂಡಿನೋವು. ಮೊನ್ನೆ ಕೆಳಗಿನಿಂದ ಬಕೆಟ್ ಹೊತ್ತು ಬರುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳು, "ನಿನ್ ಲೆಕ್ಕ ಸರಿಯಾಗೇ ಇರುತ್ತೆ ಬಿಡೋ, ನಲ್ಲಿಗೇ ಏನೋ ಆಗಿದೆ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಂಬಿದಳಲ್ಲ, ಅದಕ್ಕೆ ಅಳು ಬಂತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಒಣಗಿದ ನಲ್ಲಿಗೆ ಸಮೀಕರಣ ಬೇಕೇ? ನಾಳೆ ಬೆಳಿಗ್ಗೆಯೇ ಪಂಪು ಚಾಲೂ ಮಾಡಿಸಿ. ಆಮೇಲೆ ಆ ಉಳಿದ ಸೋರಿಕೆಯ ಪಾಠ ನಡೆಸಿ. ಮೊದಲ ಬೆಂಚಿನಲ್ಲಿ ನಾನು ಕೂರುತ್ತೇನೆ. ಪಕ್ಕದಲ್ಲಿ ತಮಗೂ ಜಾಗ ಹಿಡಿದಿರುತ್ತೇನೆ.

ಇಂತಿ,
ಗೋಡೆಯ ಮೇಲೆ ಪ್ರಮಾಣಪತ್ರ, ಕೈಯಲ್ಲಿ ಅಕ್ಕನ ಬಕೆಟ್ ಇರುವ
ತಮ್ಮ ಅರೆಕಲಿತ ವಿದ್ಯಾರ್ಥಿ