ತಾಜಾ ಸೂರ್ಯ, ತಂಗಳು ಬಿಸಿಲು

ಗುರುವಿನ ಸುತ್ತ ನಲವತ್ತೊಂದು ಸಾವಿರದ ಆರನೆಯ ಸುತ್ತು, ಬಿರುಕು ಮುಚ್ಚಿದ ಮೇಲೆ.

ಬಿಸಿಲು ಕಂಡ ಹಿರಿಯರಿಗೆ, ಯೂರೋಪಾದ ಮಂಜುಗಡ್ಡೆಯ ಕೆಳಗಿನಿಂದ ದೊಡ್ಡತಮ್ಮಯ್ಯನ ನಮಸ್ಕಾರಗಳು.

ಈ ತಾರೀಖನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ, ಸಿಗದು. ನನ್ನ ಮಾತು ವಿಚಿತ್ರವೆನಿಸಿದರೆ, ನಿಮಗಿಂತ ಕೆಲವು ಶತಮಾನ ಚಿಕ್ಕವನೆಂದು ಕ್ಷಮಿಸಿ. ನಾವಿರುವುದು ಗುರುಗ್ರಹದ ಚಂದ್ರನೊಂದರಲ್ಲಿ, ಮೈಲಿಗಟ್ಟಲೆ ದಪ್ಪದ ಮಂಜುಗಡ್ಡೆಯಡಿ. ಕಿಟಕಿಯಿಲ್ಲ. ಸೂರ್ಯನನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಯಾರೂ ಉಳಿದಿಲ್ಲ.

ಗುರುತ್ವದ ಸುದ್ದಿ ನಿಮಗೆ ಬೀಳುವ ವಸ್ತುಗಳಿಂದ ತಿಳಿಯಿತು. ನಮ್ಮಲ್ಲಿ ಕೈಜಾರಿದ ಲೋಟ ನೆಲ ಮುಟ್ಟುವಷ್ಟರಲ್ಲಿ ಮನೆಯವರು ಬೈದು ಮುಗಿಸಿರುತ್ತಾರೆ. ನಮ್ಮ ನೆಲದ ಎಳೆತ ಅಷ್ಟು ಸೋಮಾರಿ. ನಿಜವಾದ ಎಳೆತ ಗುರುವಿನದು. ಪ್ರತಿ ಸುತ್ತಿನಲ್ಲೂ, ಅಂದರೆ ನಿಮ್ಮ ಮೂರೂವರೆ ದಿನಕ್ಕೊಮ್ಮೆ, ನಾವು ಅವನ ಹತ್ತಿರ ಸರಿದಾಗ ಮಂಜುಗಡ್ಡೆ ನರಳುತ್ತದೆ, ಬಿರುಕು ಬಿಡುತ್ತದೆ. ಹಾಗೆ ಹಿಂಡಿಸಿಕೊಂಡ ಕಾವಿಗೇ ನಮ್ಮ ಕಡಲು ಹೆಪ್ಪುಗಟ್ಟದೆ ಉಳಿದಿದೆ. ಗುರುವಿನ ಗುರುತ್ವ ನಮಗೆ ಗುರುತಾಗುವುದು ಕಿವಿಯಿಂದ. ಆಚೆಯ ಊರಿನ ದಾರಿಯ ದೊಡ್ಡ ಬಿರುಕು ತೆರೆಯುವುದು ಮಾತ್ರ ಹಲವು ವರ್ಷಕ್ಕೊಮ್ಮೆ, ಆಗಲೇ ಅಲ್ಲಿಗೆ ದೋಣಿ ಹೊರಡುತ್ತದೆ.

ಸೂರ್ಯನ ಗುಟ್ಟು ತಿಳಿಯಲು ನಿಮಗೂ ಬಹಳ ಕಾಲ ಬೇಕಾಯಿತಂತೆ. ಅವನು ಕಲ್ಲಿದ್ದಲ ರಾಶಿಯಾಗಿದ್ದರೆ ಎಂದೋ ಬೂದಿಯಾಗಬೇಕಿತ್ತು. ಕೊನೆಗೆ ತಿಳಿದದ್ದಿಷ್ಟು: ಅವನ ತೂಕವೇ ಅವನ ಒಡಲನ್ನು ಅದುಮುತ್ತದೆ, ಆ ಒತ್ತಡ, ಆ ಕಾವಿನಲ್ಲಿ ಜಲಜನಕ ಬೆಸೆದು ಹೀಲಿಯಂ ಆಗುತ್ತದೆ, ಚೂರು ತೂಕ ಕಳೆದು ಬೆಳಕಾಗುತ್ತದೆ. ಆದರೆ ಅಲ್ಲಿ ಹೊಕ್ಕು ನೋಡಿದವರಾರು? ಸಾಕ್ಷಿ ಹೇಳಿದ್ದು ನ್ಯೂಟ್ರಿನೊ. ಬೆಸುಗೆಯಲ್ಲಿ ಹುಟ್ಟುವ ಈ ಕಣಕ್ಕೆ ಗೋಡೆಯೂ ಲೆಕ್ಕಕ್ಕಿಲ್ಲ, ಗ್ರಹವೂ ಲೆಕ್ಕಕ್ಕಿಲ್ಲ. ಕೋಟಿ ಕೋಟಿಯಲ್ಲಿ ಒಂದು ಎಡವಿದರೆ ಮಂಜುಗಡ್ಡೆಯಲ್ಲಿ ನೀಲಿ ಮಿಂಚು. ನಾವದನ್ನು 'ಇಣುಕು' ಎನ್ನುತ್ತೇವೆ. ನಾನು ಇಣುಕುಮನೆಯ ಕಾವಲುಗಾರ. ನಿಮ್ಮ ಕಾಲದಲ್ಲಿ ಇಣುಕುವವರಿಗೆ ಒದೆ ಬೀಳುತ್ತಿತ್ತಂತೆ. ನನಗೆ ಊಟ ಹಾಕುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾವು ಜಂಬ ಪಡುತ್ತೇವೆ. ನಿಮ್ಮ ಮೇಲೆ ಬೀಳುವ ಬೆಳಕು ಸೂರ್ಯನ ಒಡಲಿಂದ ಹೊರಬರಲು ಸಾವಿರಾರು ವರ್ಷ ತಡಕಾಡಿರುತ್ತದೆ. ನಮ್ಮ ಇಣುಕು ಅಲ್ಲಿಂದ ಹೊರಟು ಮುಕ್ಕಾಲು ಗಂಟೆಯಷ್ಟೇ. ನಿಮ್ಮದು ತಂಗಳು, ನಮ್ಮದು ತಾಜಾ. ಆದರೂ ಆ ತಂಗಳಿಗಾಗಿ ಬಾಯಲ್ಲಿ ನೀರೂರುತ್ತದೆ.

ನೀವು ಹಸುಗೂಸನ್ನು ಹೊರಗೊಯ್ದು ಸೂರ್ಯನಿಗೆ ತೋರಿಸುತ್ತಿದ್ದಿರಂತೆ. ನಾವು ಇಣುಕುಮನೆಯ ಒಳಗೆ ತರುತ್ತೇವೆ. ಸೂರ್ಯ ಇಣುಕಿದ ಮೇಲೆಯೇ ಹೆಸರು. ನನ್ನ ಮಗಳು ಕಪಿಲೆ ಕೂಸನ್ನೆತ್ತಿಕೊಂಡು ಕಾಯುತ್ತಿದ್ದಳು. ಆ ದೊಡ್ಡ ಬಿರುಕು ತೆರೆದೊಡನೆ ಅವಳು ಗಂಡನ ಊರಿಗೆ ಹೊರಡಬೇಕು, ಅಲ್ಲಿ ಇಣುಕುಮನೆಯಿಲ್ಲ. ಹೆಸರಿಲ್ಲದೆ ಹೋದರೆ ಕೂಸಿಗೆ ಹೆಸರೇ ಇಲ್ಲ. ನಾನು ಮತ್ತೆ ಅವರನ್ನು ನೋಡುವುದೂ ಸಂದೇಹ.

ಒಮ್ಮೆ ಮಿಂಚಿತು. ಬೀಗಿತ್ತಿ ಸಾತಮ್ಮನವರು ಪಾಚಿಯ ಹಲ್ವ ಹಂಚಿಯೇಬಿಟ್ಟರು. ನಾನು ಮಿಂಚಿನ ಗೆರೆ ನೋಡಿದೆ: ಗುರುವಿನ ಕಡೆಯಿಂದ ಬಂದಿತ್ತು. ಮಂಜುಗಡ್ಡೆಯೊಳಗಿನ ವಿಕಿರಣ ಸೂಸುವ ಮರಳಿನ ಚೇಷ್ಟೆ.

"ಗುರು ಎಳೀತಾನೆ, ಹೊಳೆಯಲ್ಲ ಬೀಗಿತ್ತಿ," ಎಂದೆ. "ಬೆಸುಗೆ ಹಚ್ಚೋವಷ್ಟು ತೂಕ ಇಲ್ಲ ಅವನಿಗೆ."

"ತೂಕದ ಮಾತು ನಿಮಗ್ಯಾಕೆ ಬೀಗರೇ, ಎರಡು ಪಾಲು ಹಲ್ವ ನುಂಗಿದೀರಿ! ಮಂಜುಗಡ್ಡೆ ಆಗಲೇ ನರಳ್ತಿದೆ. ಒಂದು ನೀಲಿ ದೀಪ ಹಚ್ಚಿ ಆರಿಸಿಬಿಡಿ, ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ ಅತ್ತೆ," ಎಂದಳು ಕಪಿಲೆ. "ನಾಳೆ ಇವಳು ಕೇಳಿದರೆ, ಸೂರ್ಯ ನಿಜವಾಗ್ಲೂ ಇದಾನಾ ಅಂತ, ನಾನು ಏನನ್ನ ನಂಬಿ ಹೂಂ ಅನ್ನಲಿ?"

ದೋಣಿಯ ಕೊಂಬು ಕೂಗಿತು. ಕಪಿಲೆ ಎದ್ದಳು. ಆಗ ಸೂರ್ಯ ನಮ್ಮ ಕಾಲಡಿಗೆ, ಈ ಚಂದ್ರನ ಆಚೆ ಮಗ್ಗುಲಿಗೆ ಸರಿದಿದ್ದ. ಅಲ್ಲಿಂದಲೇ, ಇಡೀ ಚಂದ್ರನನ್ನು ತೂರಿಕೊಂಡು, ಕೂಸಿನ ಕೆಳಗಿಂದ ಮೇಲಕ್ಕೆ ನೀಲಿ ಗೆರೆಯೊಂದು ಹಾದುಹೋಯಿತು. ದಿಕ್ಕು ನೋಡಿದೆ. ಅವನೇ. ಕಪಿಲೆಯತ್ತ ಹೌದೆಂದು ತಲೆಯಾಡಿಸಿದೆ.

ಕಪಿಲೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು: ಬಿಸಿಲಮ್ಮ. ದೋಣಿ ಹೋಯಿತು. ಬಿರುಕು ಮುಚ್ಚಿತು.

ಈಗ ನನ್ನ ಬೇಡಿಕೆ. ಬಿಸಿಲಮ್ಮ ಒಂದು ದಿನ ತನ್ನ ಹೆಸರಿನ ಅರ್ಥ ಕೇಳುತ್ತಾಳೆ. ಸೂರ್ಯನ ತೂಕ ಎಷ್ಟು, ಒಡಲ ಕಾವು ಎಷ್ಟು, ಎಲ್ಲವನ್ನೂ ನೀವು ಬರೆದಿಟ್ಟಿದ್ದೀರಿ. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಾಗ ಏನಾಗುತ್ತದೆ ಎಂಬುದಕ್ಕೆ ಮಾತ್ರ 'ಹಿತ' ಎಂದು ಒಂದೇ ಮಾತು ಗೀಚಿ ಎದ್ದುಹೋಗಿದ್ದೀರಿ. ಅಷ್ಟು ಸಾಲದು. ನಾಳೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಿ. ಬಿಸಿಲು ಮೊದಲು ಹೆಗಲಿಗೆ ತಾಗುತ್ತದೆಯೋ, ಕಿವಿಗೋ? ಕಣ್ಣು ಮುಚ್ಚಿದರೂ ಇರುತ್ತದೆಯೋ? ಮೋಡ ಬಂದರೆ ಮೈಗೆ ಹೇಗೆ ತಿಳಿಯುತ್ತದೆ? ದಯವಿಟ್ಟು ಬರೆದಿಡಿ. ನನ್ನ ಮೊಮ್ಮಗಳು ಓದುತ್ತಾಳೆ.