ಸಹಿಯ ಜಾಗದ ಸೊನ್ನೆ

ಧಾರವಾಡ
ಜೂನ್ ೧೯೯೮

ಪ್ರೀತಿಯ ಅವ್ವಾ,

ಸಿಇಟಿ ಮುಗಿಯಿತು. "ಎಷ್ಟ ಹಾಳಿ ಬರದಿ?" ಎಂದು ಕೇಳುತ್ತೀ. ಒಂದು ಸಾಲೂ ಬರೆಯಲಿಲ್ಲ. ಪ್ರತಿ ಪ್ರಶ್ನೆಗೂ ನಾಲ್ಕು ಸಣ್ಣ ಸೊನ್ನೆಗಳಿರುತ್ತವೆ. ಸರಿಯುತ್ತರದ ಸೊನ್ನೆಯನ್ನು ಗೆರೆ ದಾಟದಂತೆ ಪೆನ್ಸಿಲಿನಿಂದ ಕಪ್ಪು ಮಾಡಬೇಕು, ಅಷ್ಟೇ. ಡಾಕ್ಟರ್ ಆಗುವವರಿಗೂ ಇದೇ ಪರೀಕ್ಷೆ.

ಹಾಸ್ಟೆಲ್ ಅರ್ಜಿ ತಿರುಗಿ ಬಂತು. ಅದನ್ನು ತುಂಬಿದ ಮಾಸ್ತರರೇ ನಿನ್ನ ಸಹಿಯನ್ನೂ ಮಾಡಿದ್ದು ಹಾಸ್ಟೆಲಿನವರಿಗೆ ಅಕ್ಷರದಿಂದಲೇ ಗೊತ್ತಾಯಿತಂತೆ. "ಹೆಬ್ಬೆಟ್ಟ ಒತ್ತಿದರ ನನ್ನ ಮಗಳಿಗೆ ನಾಚಿಕಿ ಆಗತೈತಿ" ಎಂದು ನೀನೇ ಮಾಸ್ತರರಿಗೆ ಹೇಳಿದೆಯಂತೆ. ಈ ಪತ್ರ ಓದಿ ಹೇಳುತ್ತಿರುವ ಜನ್ನತಳೇ ನನಗೆ ತಿಳಿಸಿದ್ದು, ಅವಳನ್ನು ಬೈಯಬೇಡ.

ಹೊಸ ಅರ್ಜಿ ಜೊತೆಗಿಟ್ಟಿದ್ದೇನೆ. ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಒಂದು ದೊಡ್ಡ ಸೊನ್ನೆ ಬರೆದಿದ್ದೇನೆ. ಅದರೊಳಗೆ ನಿನ್ನ ಹೆಬ್ಬೆಟ್ಟು ಒತ್ತಿ, ದೊಡವಾಡದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸು. ನೀನು ಗೆರೆ ದಾಟಿದರೂ ನಡೆಯುತ್ತದೆ.

ನಿನ್ನ ಮಗಳು,
ರೇಣು